ಎಕೋ ವರದಿ ಕೇಳಿದ ವಸಡು ವಿಭಾಗ

ನಮ್ಮ ಭಾಗದ ಒಂದು ದಂತ ವೈದ್ಯಕೀಯ ಕಾಲೇಜಿನ ವಸಡು ಚಿಕಿತ್ಸಾ ವಿಭಾಗದ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಏಕೆಂದರೆ ಮೆಚ್ಚುಗೆಯ ಜೊತೆಗೆ ಎರಡು ಗಟ್ಟಿ ದೂರುಗಳೂ ಇವೆ. ಅಲ್ಲದೆ ಇಂಥ ವಿಭಾಗ ಎಲ್ಲ ದಂತ ಕಾಲೇಜುಗಳಲ್ಲೂ ಇರುತ್ತದೆ. ನಿಮಗೆ ಹತ್ತಿರವಾದ ಕಡೆ ಹೋದಾಗ ಏನು ಕೇಳಬೇಕು, ಏನನ್ನು ಗಮನಿಸಬೇಕು ಎಂದು ತಿಳಿದರೆ ಸಾಕು. ಹೃದಯದ ಕವಾಟ ಬದಲಿಸಿಕೊಂಡವರು, ಅಂಥವರು ಮನೆಯಲ್ಲಿ ಇರುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ನನ್ನ ಮೈಟ್ರಲ್ ಕವಾಟವನ್ನು, ಅಂದರೆ ಹೃದಯದ ಎಡ ಮೇಲ್ಕೋಣೆ ಮತ್ತು ಎಡ ಕೆಳಕೋಣೆಯ ನಡುವಿನ ಕವಾಟವನ್ನು, ಹಾಳು ಮಾಡಿತು. ಮೂವತ್ತರ ವಯಸ್ಸಿನಲ್ಲಿ ಆ ಜಾಗಕ್ಕೆ ಚಿತ್ರಾ ಕವಾಟ ಬಂತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಕವಾಟ ಅದು. ಮೊದಲ ಮೂರು ಮಾದರಿಗಳು ಕೈಕೊಟ್ಟು, ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಎದೆಯೊಳಗೆ ಕೂತಿತು. ವಲಿಯತ್ತಾನ್ ಅವರು ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿ ನಮ್ಮ ರಾಜ್ಯಕ್ಕೇ ಬಂದರು. ಲೋಹದ ಚೌಕಟ್ಟು, ಅದರೊಳಗೆ ಓರೆಯಾಗಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಬಿಲ್ಲೆ, ಸುತ್ತ ಹೊಲಿಗೆ ಹಾಕಲು ಪಾಲಿಯೆಸ್ಟರ್ ಬಳೆ. ವಿದೇಶಿ ಕವಾಟದ ಬೆಲೆ ಭರಿಸಲಾಗದ ನಮ್ಮಂಥ ಅಸಂಖ್ಯ ಮನೆಗಳಿಗೆ ಅದು ಆಯುಷ್ಯ ಕೊಟ್ಟಿದೆ.

ಈ ಕವಾಟ ಇದ್ದವರಿಗೆ ಬಾಯಿ ಎಂದರೆ ಹೃದಯದ ಹೊಸ್ತಿಲು. ವಸಡು ಕಾಯಿಲೆಯಾದಾಗ ಹಲ್ಲು ಮತ್ತು ವಸಡಿನ ಸಂದಿ ಆಳವಾಗುತ್ತದೆ, ಒಳಗೋಡೆ ಹುಣ್ಣಾಗುತ್ತದೆ. ಹಲ್ಲುಜ್ಜಿದಾಗ, ಅಗಿದಾಗ, ಅಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತರ ದೇಹ ಅವನ್ನು ನಿಮಿಷಗಳಲ್ಲಿ ತೊಡೆದುಹಾಕುತ್ತದೆ. ಕೃತಕ ಕವಾಟದ ಮೇಲೆ ಅವು ಬೇರೂರಿದರೆ ಅದು ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು. ಅದು ಬಂದರೆ ವಾರಗಟ್ಟಲೆ ರಕ್ತನಾಳದ ಮೂಲಕ ಔಷಧ, ಕೆಲವರಿಗೆ ಮತ್ತೊಂದು ಶಸ್ತ್ರಚಿಕಿತ್ಸೆ, ಕೆಲವರಿಗೆ ಸಾವು. ಹೀಗಿರುವಾಗ ವಸಡಿನಲ್ಲಿ ರಕ್ತ ಕಂಡರೆ ನಾನು ಯಾರ ಕೈಗೆ ಬಾಯಿ ಒಡ್ಡುತ್ತೇನೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ಹೋದದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಒಳ್ಳೆಯ ಸೋಫಾ, ಒಳ್ಳೆಯ ಮಾತು. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ವರದಿ ಕೇಳಲಿಲ್ಲ. "ರಕ್ತ ತೆಳುವಾಗುವ ಮಾತ್ರೆಯನ್ನು ಐದು ದಿನ ನಿಲ್ಲಿಸಿ ಬನ್ನಿ, ಲೇಸರ್‌ನಲ್ಲಿ ಒಂದೇ ಸಲಕ್ಕೆ ಮುಗಿಸುತ್ತೇವೆ" ಎಂದರು. ಲೋಹದ ಮೈಟ್ರಲ್ ಕವಾಟ ಇರುವವರು ಹೃದ್ರೋಗ ತಜ್ಞರನ್ನು ಕೇಳದೆ ಆ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹಾರಬಹುದು. ಎದ್ದು ಬಂದೆ. ಆ ಕ್ಲಿನಿಕ್ಕಿನ ಬಗ್ಗೆ ಇಷ್ಟು ಸಾಕು.

ದಂತ ಕಾಲೇಜಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಬೇಕು. ಮೊದಲು ಸಾಮಾನ್ಯ ತಪಾಸಣಾ ವಿಭಾಗ, ಅಲ್ಲಿಂದ ಎಕ್ಸ್‌ರೇ, ಆಮೇಲೆ ಎರಡನೇ ಮಹಡಿಯ ವಸಡು ವಿಭಾಗ. ಸಾಲು ಉದ್ದ, ಲಿಫ್ಟ್ ಇದೆ. ಕೇಸ್ ಶೀಟ್ ಬರೆದುಕೊಂಡ ಸ್ನಾತಕೋತ್ತರ ವಿದ್ಯಾರ್ಥಿನಿ "ಕವಾಟ ಬದಲಿಸಿದ್ದಾರೆ" ಎಂಬ ಮಾತು ಕೇಳಿದ ತಕ್ಷಣ ಪೆನ್ನು ಕೆಳಗಿಟ್ಟಳು. "ಅಮ್ಮ, ಇವತ್ತು ನಿಮ್ಮ ಬಾಯೊಳಗೆ ಯಾವ ಉಪಕರಣವನ್ನೂ ಹಾಕುವುದಿಲ್ಲ. ಕನ್ನಡಿಯಿಂದ ನೋಡುತ್ತೇನೆ ಅಷ್ಟೆ. ಈಚಿನ ಎಕೋ ವರದಿ, ಈ ವಾರದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಹೇಳುವ ಪರೀಕ್ಷೆ), ನಿಮ್ಮ ಹೃದಯದ ಡಾಕ್ಟರ ಚೀಟಿ, ಈ ಮೂರು ತನ್ನಿ" ಎಂದಳು. ಅಲ್ಲಿಯವರೆಗೆ ಸುಮ್ಮನೆ ದಣಿದಿದ್ದ ನನಗೆ ಆ ಮಾತಿನಿಂದ ಬಂದ ನೆಮ್ಮದಿ ದೊಡ್ಡದು. ಏಕೆಂದರೆ ಪ್ರೋಬ್ ಎಂಬ ಅಳತೆ ಕಡ್ಡಿ ಹಾಕಿ ವಸಡಿನ ಸಂದಿಯ ಆಳ ಅಳೆಯುವುದೂ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ತಳ್ಳಬಲ್ಲದು; ಆ ಅಳತೆಗೆ ಮೊದಲೇ ಆ್ಯಂಟಿಬಯೋಟಿಕ್ ಬೇಕು. ಇದು ಅವಳಿಗೆ ಗೊತ್ತಿತ್ತು.

ಅಮೆರಿಕದ ಹೃದಯ ಸಂಘ 2007ರಲ್ಲಿ ಈ ಆ್ಯಂಟಿಬಯೋಟಿಕ್ ಪದ್ಧತಿಯನ್ನು ಬಿಗಿಗೊಳಿಸಿತು. ಅದಕ್ಕೂ ಮೊದಲು ಕವಾಟದಲ್ಲಿ ಸಣ್ಣ ತೊಂದರೆ ಇದ್ದವರಿಗೂ ಕೊಡುತ್ತಿದ್ದರು. ಈಗ ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ ಬಂದವರು, ಕೆಲವು ಬಗೆಯ ಹುಟ್ಟು ಹೃದ್ರೋಗ ಇರುವವರು, ಇಂಥ ಹೆಚ್ಚು ಅಪಾಯದ ಗುಂಪಿಗೆ ಮಾತ್ರ. ಪೆನಿಸಿಲಿನ್ ಒಗ್ಗುವ ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್, ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮುಂಚೆ, ಒಂದೇ ಸಲ. 2021ರಲ್ಲೂ ಅದೇ ನಿಲುವನ್ನು ಉಳಿಸಿಕೊಂಡು, ಪೆನಿಸಿಲಿನ್ ಒಗ್ಗದವರಿಗೆ ಹಿಂದೆ ಬದಲಿಯಾಗಿ ಕೊಡುತ್ತಿದ್ದ ಕ್ಲಿಂಡಾಮೈಸಿನ್ ಬೇಡ ಎಂದರು. ಬ್ರಿಟನ್ನಿನಲ್ಲಿ 2008ರಿಂದ ಯಾರಿಗೂ ವಾಡಿಕೆಯಾಗಿ ಕೊಡಬೇಡಿ ಎಂಬ ಮಾರ್ಗಸೂಚಿ ಇದೆ. ಇದನ್ನೆಲ್ಲ ವಿಭಾಗದ ಗೋಡೆಯಲ್ಲಿ ಅಂಟಿಸಿದ್ದರು, ಕನ್ನಡದಲ್ಲಿ ಅಲ್ಲ ಎಂಬುದು ನನ್ನ ಕೊರಗು. ಅದಕ್ಕೆ ಮುಂದೆ ಬರುತ್ತೇನೆ.

ಈ ವಿಭಾಗವನ್ನು ಇತರರಿಂದ ಬೇರೆ ಮಾಡುವುದು ಗುರುವಾರದ ಪರದೆ ತರಗತಿ. ಒಂದು ಕೋಣೆ, ಒಂದು ದಂತ ಕುರ್ಚಿ, ಗೋಡೆಯಲ್ಲಿ ದೊಡ್ಡ ಪರದೆ. ಆ ಕಡೆ ಬೆಂಗಳೂರಿನಿಂದ ಹೃದ್ರೋಗ ತಜ್ಞರು ಸೇರುತ್ತಾರೆ. ಇನ್ನೊಂದು ಜಿಲ್ಲೆಯ ದಂತ ಕಾಲೇಜಿನ ವಿದ್ಯಾರ್ಥಿಗಳೂ ಸೇರುತ್ತಾರೆ. ಹೃದಯದ ತೊಂದರೆ ಇರುವ ದಂತ ರೋಗಿಗಳನ್ನು ಹೃದ್ರೋಗ ತಜ್ಞರು, ವಸಡು ವಿಭಾಗದವರು ಕೂಡಿ ನೋಡುತ್ತಾರೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಮುಖ ತೋರಿಸಬೇಕೋ ಬೇಡವೋ ಎಂದು ಕೇಳಿ, ಆಮೇಲೆ ಸಹಿ ಪಡೆದರು. ನಾನು ಒಪ್ಪಿದೆ. ಪಾಠ ಮಾಡುವವಳಿಗೆ ಇನ್ನೊಬ್ಬರು ಪಾಠ ಮಾಡುವುದನ್ನು ನೋಡುವ ಆಸೆ ಇದ್ದೇ ಇರುತ್ತದೆ.

ಮೊದಲು ನನ್ನ ಎಕೋ. ತಜ್ಞರು ನನ್ನ ಹೃದಯದ ವಿಡಿಯೋ ತುಣುಕನ್ನು ಪರದೆಗೆ ತಂದರು. ಎಡ ಮೇಲ್ಕೋಣೆ, ಎಡ ಕೆಳಕೋಣೆ, ನಡುವೆ ಹೊಳೆಯುವ ಕವಾಟ. ಎದೆಗೆ ಹಿಡಿಯುವ ಎಕೋ ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ರಕ್ತದ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಓದಿ, ಅದರ ವರ್ಗವನ್ನು ನಾಲ್ಕರಿಂದ ಗುಣಿಸಿದರು. ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ ಪಾದರಸದ ಮಿಲಿಮೀಟರಿನಲ್ಲಿ ಬಂತು. ನಾನು ಪ್ರಥಮ ಪಿಯುಸಿ ಮಕ್ಕಳಿಗೆ ವರ್ಷವೂ ಬರೆದು ತೋರಿಸುವ ಬರ್ನೌಲಿ ಸಮೀಕರಣವೇ ಅದು, ನನ್ನ ಎದೆಯ ಮೇಲೆ ಹಚ್ಚಿದ್ದು. ಆಮೇಲೆ ಅವರು ಕವಾಟದ ಹಿಂದೆ ಚಾಚಿದ ಕಪ್ಪು ಪಟ್ಟಿಯನ್ನು ತೋರಿಸಿ ಇದೇನು ಎಂದು ಕೇಳಿದರು. ಇನ್ನೊಂದು ಜಿಲ್ಲೆಯಿಂದ ಒಬ್ಬ ಹುಡುಗ ಸರಿಯಾಗಿ ಉತ್ತರಿಸಿದ: ಲೋಹ ಶಬ್ದದ ಅಲೆಯನ್ನು ತಡೆದು ಬೀಳಿಸಿದ ನೆರಳು. "ಈ ನೆರಳಿನೊಳಗೆ ಸೋಂಕಿನ ಗಡ್ಡೆ ಅಡಗಿದ್ದರೆ ಎದೆಯ ಮೇಲಿನಿಂದ ಕಾಣುವುದಿಲ್ಲ. ಇವರಿಗೆ ಕಾರಣ ತಿಳಿಯದ ಜ್ವರ ಬಂದರೆ ರಕ್ತ ಪರೀಕ್ಷೆಗೆ ತೆಗೆಯುವ ಮುಂಚೆ ಆ್ಯಂಟಿಬಯೋಟಿಕ್ ಶುರು ಮಾಡಬೇಡಿ, ಅನ್ನನಾಳದ ಮೂಲಕ ಎಕೋ ಮಾಡಿಸಲು ಕಳುಹಿಸಿ" ಎಂದರು. ಎಡ ಮೇಲ್ಕೋಣೆಗೆ ಅನ್ನನಾಳ ಬೆನ್ನು ಹಚ್ಚಿಕೊಂಡಿರುವುದರಿಂದ ಆ ದಾರಿಯಲ್ಲಿ ನೆರಳು ಅಡ್ಡ ಬರುವುದಿಲ್ಲ. ಇಷ್ಟು ವರ್ಷ ವರದಿಯನ್ನು ಫೈಲಿನಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಅದರೊಳಗೆ ಏನಿದೆ ಎಂದು ಯಾರಾದರೂ ಬಿಡಿಸಿ ಹೇಳಿದ್ದು ಅಂದೇ.

ಗಮನಿಸಬೇಕಾದದ್ದು ಏನೆಂದರೆ, ಈ ಪಾಠ ದೂರದಿಂದ ಬಂದರೂ ಕಿಂಚಿತ್ತೂ ಸೊರಗಲಿಲ್ಲ. ಹೃದಯದ ಚಿತ್ರ ಹುಟ್ಟುವುದೇ ಪರದೆಯ ಮೇಲೆ. ಪಕ್ಕದಲ್ಲಿ ಕೂತವರಿಗೂ ನೂರಾರು ಕಿಲೋಮೀಟರ್ ಆಚೆ ಇರುವವರಿಗೂ ಕಾಣುವುದು ಒಂದೇ. ಈ ಶತಮಾನದ ಆರಂಭದಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರು ಕಳುಹಿಸುವ ಇಸಿಜಿ ನೋಡಿ ಸಲಹೆ ಕೊಡುವ ಜಾಲವನ್ನೇ ಕಟ್ಟಿದ್ದಾರೆ. ಚಿತ್ರವಾಗಿ, ಗೆರೆಯಾಗಿ ಹೊರಬರುವ ಕಾಯಿಲೆಗೆ ದೂರದ ಪಾಠ ಒಗ್ಗುತ್ತದೆ.

ವಸಡು ಹಾಗಲ್ಲ. ಎಕೋ ಮುಗಿದ ಮೇಲೆ ಪ್ರಾಧ್ಯಾಪಕಿ ನನ್ನ ಬಾಯಿಯ ಅಳತೆಗೆ ತೊಡಗಿದರು. ಔಷಧ ನುಂಗಿ ಗಂಟೆ ಕಳೆದಿತ್ತು. ಪ್ರತಿ ಹಲ್ಲಿಗೆ ಆರು ಜಾಗ: ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಮೂರು. ಇಪ್ಪತ್ತೆಂಟು ಹಲ್ಲಿಗೆ 168 ಅಳತೆ. ತೆಳ್ಳನೆಯ ಪ್ರೋಬಿನ ಮೇಲೆ ಮಿಲಿಮೀಟರ್ ಗೆರೆಗಳು. ಮೂರರವರೆಗೆ ಸರಿ, ಅದರಾಚೆ, ಜೊತೆಗೆ ರಕ್ತ ಬಂದರೆ, ಕಾಯಿಲೆ ಕೆಲಸ ಮಾಡುತ್ತಿದೆ ಎಂದರ್ಥ. "ಮೂರು, ಎರಡು, ಮೂರು... ಐದು, ಆರು, ರಕ್ತ" ಎಂದು ಅವರು ಹೇಳುತ್ತ ಹೋದರು, ವಿದ್ಯಾರ್ಥಿನಿ ಬರೆದುಕೊಳ್ಳುತ್ತ ಹೋದಳು. ಬಾಯೊಳಗಿನ ಕ್ಯಾಮೆರಾ ಎಲ್ಲವನ್ನೂ ಪರದೆಗೆ ಒಯ್ಯುತ್ತಿತ್ತು. ಆಗ ಆ ಕಡೆಯಿಂದ ಒಬ್ಬಳು ಕೇಳಿದಳು: "ಮೇಡಂ, ಎಷ್ಟು ಒತ್ತಬೇಕು?"

ಇಡೀ ಮಧ್ಯಾಹ್ನದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಪುಸ್ತಕದಲ್ಲಿದೆ: ಸುಮಾರು 25 ಗ್ರಾಂ ತೂಕದಷ್ಟು, ಅಂದರೆ ನ್ಯೂಟನ್ನಿನ ಕಾಲು ಭಾಗ. ಹೆಚ್ಚು ಒತ್ತಿದರೆ ಪ್ರೋಬ್ ಊದಿದ ಅಂಗಾಂಶವನ್ನು ತೂರಿ ಇಲ್ಲದ ಆಳ ತೋರಿಸುತ್ತದೆ. ಕಡಿಮೆ ಒತ್ತಿದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಗಾರೆಯ ಗಂಟಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಪ್ರಾಧ್ಯಾಪಕಿ ಸಂಖ್ಯೆ ಹೇಳಿದರು. ಹೆಬ್ಬೆರಳಿನ ಮೆತ್ತನೆಯ ಭಾಗಕ್ಕೆ ಪ್ರೋಬ್ ಒತ್ತಿ ಎಷ್ಟು ತಗ್ಗು ಬೀಳುತ್ತದೆಂದು ಕ್ಯಾಮೆರಾಕ್ಕೆ ತೋರಿಸಿದರು. ಪರದೆಯಾಚೆ ಎಲ್ಲರೂ ಹಾಗೆಯೇ ಮಾಡಿದರು. ಆದರೆ ನಮ್ಮ ಕೋಣೆಯಲ್ಲಿದ್ದ ವಿದ್ಯಾರ್ಥಿನಿಗೆ ಅವರು ಬೇರೆ ರೀತಿ ಕಲಿಸಿದರು. ಪ್ರೋಬನ್ನು ಅವಳ ಕೈಗೆ ಕೊಟ್ಟು, ತಮ್ಮ ಬೆರಳನ್ನು ಅವಳ ಬೆರಳಿನ ಮೇಲಿಟ್ಟು, ನನ್ನ ಕೆಳದವಡೆಯ ಹಲ್ಲಿನ ಹಿಂದೆ ಒಮ್ಮೆ ಇಳಿಸಿದರು. ಆಮೇಲೆ ಕೈ ತೆಗೆದು "ಈಗ ನೀನು" ಎಂದರು. ಎರಡನೇ ಸಲ ನನಗೆ ತುಸು ಹೆಚ್ಚೇ ಒತ್ತಿದಂತೆ ಅನ್ನಿಸಿತು. ಕೈ ಎತ್ತಿದೆ. ಅವಳು ಸಡಿಲಿಸಿದಳು. ಮೂರನೆಯದು ಸರಿಯಾಯಿತು. ಆ ಕೆಲವು ಕ್ಷಣಗಳಲ್ಲಿ ಅವಳು ಕಲಿತದ್ದನ್ನು ಯಾವ ಕ್ಯಾಮೆರಾವೂ ಆ ಕಡೆಗೆ ಒಯ್ಯಲಾರದು, ಏಕೆಂದರೆ ಅದು ಕಾಣುವ ವಿಷಯವೇ ಅಲ್ಲ.

2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಈಕೆ ದಂತ ವೈದ್ಯಕೀಯದ ಮೂರನೇ ವರ್ಷದಲ್ಲಿದ್ದಳಂತೆ. ರೋಗಿಗಳ ಬಳಿ ಮೊದಲ ಬಾರಿಗೆ ಕೂರಬೇಕಾದ ವರ್ಷ ಅದು. ತಿಂಗಳುಗಟ್ಟಲೆ ಮೊಬೈಲ್‌ನಲ್ಲಿ ನೋಡಿ ಕಲಿತಳು. "ರೋಗದ ವರ್ಗೀಕರಣ ಬಾಯಿಪಾಠ ಇತ್ತು ಅಮ್ಮ, ಕೈ ಮಾತ್ರ ನಡುಗುತ್ತಿತ್ತು" ಎಂದಳು. ಅದೇ ಕಾಲದಲ್ಲಿ ನಾನು ಮಸೂರದ ಪ್ರಯೋಗವನ್ನು ಮೊಬೈಲ್‌ ಮುಂದೆ ಮಾಡಿ ತೋರಿಸಿದವಳು. ಅವಳ ಮಾತು ನನಗೆ ಪೂರ್ತಿ ಅರ್ಥವಾಯಿತು. ವೈದ್ಯಕೀಯ ಶಿಕ್ಷಣವನ್ನು ಪರದೆಗೆ ಸಾಗಿಸಬೇಕೇ ಬೇಡವೇ ಎಂದು ಒಟ್ಟಾರೆ ಕೇಳುವವರು ಈ ಗುರುವಾರದ ತರಗತಿಯನ್ನು ನೋಡಬೇಕು. ಎಕೋವನ್ನು ಪರದೆಗೆ ಬಿಟ್ಟು, ಪ್ರೋಬನ್ನು ಕೈಯಲ್ಲೇ ಉಳಿಸಿಕೊಂಡಿದ್ದಾರೆ. ಈ ವಿಭಾಗಕ್ಕೆ ನಾನು ಹೆಚ್ಚು ಅಂಕ ಕೊಡುವುದು ಈ ವಿವೇಕಕ್ಕೆ.

ಚಿಕಿತ್ಸೆಯ ಬಗ್ಗೆ ಹೇಳಬೇಕು. ಹೃದ್ರೋಗ ತಜ್ಞರ ಸಲಹೆಯಂತೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಿಲ್ಲ. ಐಎನ್‌ಆರ್ 3ರ ಆಸುಪಾಸು ಇತ್ತು. ನನ್ನ ಕವಾಟಕ್ಕೆ ಅದು ಇರಬೇಕಾದ ಮಟ್ಟವೇ. ಸ್ಕೇಲಿಂಗ್ (ಗಾರೆ ತೆಗೆಯುವುದು) ಮತ್ತು ಹಲ್ಲಿನ ಬೇರಿನ ಮೇಲ್ಮೈ ಹೆರೆಯುವ ಕೆಲಸವನ್ನು ಬಾಯಿಯ ಒಂದು ಅರ್ಧ ಮೊದಲು, ಇನ್ನೊಂದು ಅರ್ಧ ಆಮೇಲೆ ಎಂದು ಹಂಚಿದರು. ಪ್ರತಿ ಸಲ ಆ್ಯಂಟಿಬಯೋಟಿಕ್ ಬೇಕಾಗುವುದರಿಂದ ಭೇಟಿಗಳ ಸಂಖ್ಯೆ ಕಡಿಮೆ ಇರಬೇಕು, ನಡುವೆ ಹತ್ತು ದಿನಕ್ಕಿಂತ ಹೆಚ್ಚು ಅಂತರವೂ ಇರಬೇಕು ಎಂಬುದು ಅವರ ಲೆಕ್ಕ. ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದ ಹತ್ತಿಬಟ್ಟೆ ಕಚ್ಚಿಸಿದರು. ಮನೆಗೆ ಕಳುಹಿಸುವ ಮುಂಚೆ ಬಾಯಿ ತೆರೆಸಿ ಮತ್ತೆ ನೋಡಿದರು. ಮೆಟ್ರೊನಿಡಜೋಲ್‌ನಂಥ ಮಾತ್ರೆಯನ್ನು ಅಂಗಡಿಯಿಂದ ತಾವೇ ಕೊಂಡು ನುಂಗಬಾರದು, ಅದು ಐಎನ್‌ಆರ್ ಅನ್ನು ಏರಿಸಿಬಿಡುತ್ತದೆ ಎಂದು ಎಚ್ಚರಿಸಿದ್ದೂ ಇಲ್ಲೇ. ಹಲ್ಲುನೋವಿಗೆ ನಮ್ಮ ಊರಿನ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಕೈಗೆ ಬರುವ ಮಾತ್ರೆ ಅದು, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಸ್ಕೇಲರ್ ಯಂತ್ರ ನನ್ನ ಹಲ್ಲಿನ ಮೇಲೆ ಗುಂಯ್ ಎನ್ನುವಾಗ ನನಗೆ ಹೊಳೆದ ಸಂಗತಿ ಒಂದಿದೆ. ಆ ತುದಿಯನ್ನು ನಡುಗಿಸುವುದು ಯಂತ್ರದೊಳಗಿನ ಪೀಜೋ ಹರಳು, ಅಂದರೆ ಒತ್ತಡವನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ನಡುಕವಾಗಿ ಮಾರ್ಪಡಿಸುವ ಹರಳು. ಸೆಕೆಂಡಿಗೆ ಸುಮಾರು ಮೂವತ್ತು ಸಾವಿರ ಬಾರಿ ನಡುಗಿ ಗಾರೆಯನ್ನು ಒಡೆಯುತ್ತದೆ. ನನ್ನ ಎಕೋ ತೆಗೆದ ಪ್ರೋಬಿನಲ್ಲೂ ಅದೇ ಬಗೆಯ ಹರಳು, ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ನಡುಗಿ ಹೃದಯದ ಚಿತ್ರ ಬರೆಯುತ್ತದೆ. 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದ ಗುಣ ಅದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಪತ್ತೆಹಚ್ಚುವ ಯಂತ್ರವನ್ನು ಎರವಲು ತಂದು ಹೃದಯಕ್ಕೆ ಹಿಡಿದರು. ಎಕೋ ಹುಟ್ಟಿದ್ದು ಹಾಗೆ. ಎಡ್ಲರ್ ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಮೈಟ್ರಲ್ ಕವಾಟದ ಸ್ಥಿತಿ ತಿಳಿಯುವ ದಾರಿ, ಅಂದರೆ ನನ್ನಂಥವರ ಕಾಯಿಲೆ. ಇದನ್ನು ಆ ವಿದ್ಯಾರ್ಥಿನಿಗೆ ಹೇಳಿದಾಗ ಅವಳು ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು.

ಕಾಯುವ ಕೋಣೆಯಲ್ಲಿ ಸುತ್ತೋಲೆಯಂತೆ ಹರಿದಾಡುವ ಮಾತೊಂದಿದೆ: ವಸಡು ಸರಿಮಾಡಿಸಿಕೊಂಡರೆ ಹೃದಯಾಘಾತ ಬರುವುದಿಲ್ಲ. ಕೆಲವು ಕ್ಲಿನಿಕ್ಕುಗಳ ಫಲಕದಲ್ಲೂ ನೋಡಿದ್ದೇನೆ. ಈ ವಿಭಾಗದವರು ಹಾಗೆ ಹೇಳುವುದಿಲ್ಲ, ಅದಕ್ಕಾಗಿ ಅವರ ಮೇಲೆ ಗೌರವ ಹೆಚ್ಚಿತು. 1989ರಲ್ಲಿ ಫಿನ್‌ಲೆಂಡಿನ ಸಂಶೋಧಕರು ಹೃದಯಾಘಾತವಾದವರ ಹಲ್ಲಿನ ಆರೋಗ್ಯ ಇತರರಿಗಿಂತ ಕೆಟ್ಟಿತ್ತು ಎಂದು ತೋರಿಸಿದಾಗಿನಿಂದ ಈ ನಂಟನ್ನು ಹುಡುಕುತ್ತಿದ್ದಾರೆ. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು 120 ರೋಗಿಗಳ ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಲ್ಲಿ ಅಳೆಯಿತು. ವಸಡಿಗೆ ತೀವ್ರ ಚಿಕಿತ್ಸೆಯಾದ ಮರುದಿನ ಹಿಗ್ಗುವಿಕೆ ಕುಗ್ಗಿತ್ತು. ಆರು ತಿಂಗಳಿಗೆ ಸುಧಾರಿಸಿತ್ತು. ಒಳ್ಳೆಯ ಸುದ್ದಿಯೇ. ಆದರೆ ರಕ್ತನಾಳ ಚೆನ್ನಾಗಿ ಹಿಗ್ಗುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ. 2012ರಲ್ಲಿ ಅಮೆರಿಕದ ಹೃದಯ ಸಂಘ ಇದನ್ನೆಲ್ಲ ತೂಗಿ, ನಂಟು ಇದೆ, ಆದರೆ ವಸಡು ಕಾಯಿಲೆಯೇ ಕಾರಣ ಎನ್ನಲು, ಚಿಕಿತ್ಸೆಯಿಂದ ಹೃದ್ರೋಗ ತಪ್ಪುತ್ತದೆ ಎನ್ನಲು ಪುರಾವೆ ಇಲ್ಲ ಎಂದಿತು. ಧೂಮಪಾನ, ಸಕ್ಕರೆ ಕಾಯಿಲೆ ಇವು ವಸಡು ಕಾಯಿಲೆಗೂ ಹೃದ್ರೋಗಕ್ಕೂ ಸಮಾನ ಕಾರಣಗಳು. ನನ್ನ ಕವಾಟದ ಸೋಂಕಿನ ಭಯ ಬೇರೆಯದೇ ದಾರಿಯದು, ಅದನ್ನು ಇದರೊಂದಿಗೆ ಕಲಸಬಾರದು.

ಈಗ ದೂರುಗಳು. ಒಂದು, ಸಮಯ. ಕೂಲಿ ಬಿಟ್ಟು ಬಂದವರು ಮಧ್ಯಾಹ್ನ ಎರಡರವರೆಗೆ ಕಾಯುವುದನ್ನು ಕಂಡೆ. ಪ್ರತಿ ಹೆಜ್ಜೆಗೂ ಪ್ರಾಧ್ಯಾಪಕರ ಸಹಿ ಬೇಕು. ಕಲಿಸುವ ಆಸ್ಪತ್ರೆ ನಿಧಾನ ಎಂಬುದನ್ನು ಒಪ್ಪುತ್ತೇನೆ. ಆ ನಿಧಾನದಿಂದಲೇ ನನಗೆ ಒಳ್ಳೆಯದಾಗಿದೆ. ಆದರೆ ಯಾರಿಗೆ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ಹೇಳಿದರೆ ಜನ ಊಟವನ್ನಾದರೂ ಮಾಡಿ ಬರುತ್ತಾರೆ. ಸಕ್ಕರೆ ಕಾಯಿಲೆಯವರು ಹೊಟ್ಟೆಗಿಲ್ಲದೆ ಕೂತಿರುವುದು ತಪ್ಪು.

ಎರಡು, ಚಿಕಿತ್ಸೆಯ ನಂತರದ ವಿಡಿಯೋ ಸಮಾಲೋಚನೆ. ಮನೆಯಿಂದಲೇ ಮೊಬೈಲ್‌ನಲ್ಲಿ ವಸಡು ತೋರಿಸಿ ಎಂದರು. ತೋರಿಸಿದೆ, ಟಾರ್ಚ್ ಹಿಡಿದು, ಕೆನ್ನೆ ಎಳೆದು. ಆ ಕಡೆಯವರು "ಚೆನ್ನಾಗಿ ಕಾಣುತ್ತಿದೆ" ಎಂದರು. ಕೆಂಪು ಇಳಿದದ್ದು ಕಾಣಬಹುದು. ಸಂದಿಯ ಆಳ ಆರರಿಂದ ನಾಲ್ಕಕ್ಕೆ ಬಂತೇ ಎಂಬುದು ಯಾವ ಮೊಬೈಲ್‌ನಲ್ಲೂ ಕಾಣುವುದಿಲ್ಲ. ತರಗತಿಯಲ್ಲಿ ಇಷ್ಟು ಚೆನ್ನಾಗಿ ಅರಿತಿರುವ ವ್ಯತ್ಯಾಸವನ್ನು ಸೇವೆಯಲ್ಲಿ ಮರೆತಿದ್ದಾರೆ. ರಕ್ತ ನಿಂತಿದೆಯೇ, ಜ್ವರ ಇದೆಯೇ ಎಂದು ಕೇಳಲು ಫೋನ್ ಸಾಕು. ಗುಣವಾಯಿತು ಎಂದು ಹೇಳಲು ಕುರ್ಚಿಗೇ ಕರೆಯಬೇಕು. ವಿಭಾಗದ ಮುಖ್ಯಸ್ಥರಿಗೆ ಇದನ್ನು ಬರೆದು ಕೊಟ್ಟಿದ್ದೇನೆ. ಅದರ ಜೊತೆಗೆ, ಕವಾಟದ ರೋಗಿಗಳಿಗೆ ಜೇಬಿನಲ್ಲಿ ಇಟ್ಟುಕೊಳ್ಳುವ ಕನ್ನಡದ ಕಾರ್ಡೊಂದನ್ನು ಮಾಡಿಕೊಡಿ, ಬರಹವನ್ನು ನಾನೇ ತಿದ್ದಿಕೊಡುತ್ತೇನೆ ಎಂದೂ ಬರೆದಿದ್ದೇನೆ. ಮುಂದಿನ ಅಳತೆಗೆ, ಮೂರು ತಿಂಗಳ ನಂತರ, ಅವರು ಕುರ್ಚಿಗೇ ಕರೆದಿದ್ದಾರೆ. ಕಾರ್ಡಿನ ಕರಡನ್ನೂ ಅಂದೇ ತರಲು ಹೇಳಿದ್ದಾರೆ.

ಚಿಕಿತ್ಸೆಗೆ ಐದಕ್ಕೆ ಐದು, ಗುರುವಾರದ ತರಗತಿಗೆ ಐದು, ಕಾಯಿಸುವಿಕೆಗೆ ಎರಡು, ವಿಡಿಯೋ ಸಮಾಲೋಚನೆಗೆ ಒಂದೂವರೆ. ಖರ್ಚು ಖಾಸಗಿ ಕ್ಲಿನಿಕ್ ಕೇಳಿದ್ದರ ಕಾಲು ಭಾಗವೂ ಆಗಲಿಲ್ಲ.

ಹೋಗುವವರು ಈಚಿನ ಎಕೋ ವರದಿಯನ್ನು, ಸಾಧ್ಯವಾದರೆ ಅದರ ಸಿ.ಡಿ.ಯನ್ನೂ ಒಯ್ಯಿರಿ. ಐಎನ್‌ಆರ್ ಆ ವಾರದ್ದೇ ಇರಲಿ. ನುಂಗುವ ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಪೆನಿಸಿಲಿನ್ ಒಗ್ಗದಿದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ. ಪೇಸ್‌ಮೇಕರ್ ಇದ್ದರೆ ಸ್ಕೇಲರ್ ಶುರು ಮಾಡುವ ಮುಂಚೆಯೇ ಹೇಳಿ. ತಿಂಡಿ ತಿಂದು ಹೋಗಿ.